ಬಿಸಿಲಿಗೆ ಹಾಕಿದ ದಿಂಬು: ಗಾದಿ ಅಂಗಡಿಯಲ್ಲಿ ಕಲಿತದ್ದು

ಏಪ್ರಿಲ್ ಬಂತೆಂದರೆ ದಾವಣಗೆರೆಯ ನಮ್ಮ ಗಾದಿ ಅಂಗಡಿಗೆ ದೂರು ಬರಲು ಶುರು. ಹೋದ ವರ್ಷ ಕೊಂಡ ಮೆಮೊರಿ ಫೋಮ್ ದಿಂಬನ್ನು, ಅಂದರೆ ಒತ್ತಿದರೆ ಮೆಲ್ಲಗೆ ಮೇಲೇಳುವ ಫೋಮಿನ ದಿಂಬನ್ನು, ಕೆಟ್ಟಿದೆ ಅಂತ ಕೈಚೀಲದಲ್ಲಿ ತುರುಕಿಕೊಂಡು ಬರುತ್ತಾರೆ. ಕೌಂಟರ್ ಮೇಲೆ ಇಡುತ್ತಾರೆ. "ಏನ್ರೀ ಇದು, ಅಷ್ಟು ದುಡ್ಡು ಕೊಟ್ಟು ತಗೊಂಡಿದ್ವಿ!" ಅವರ ಹತ್ತಿರ ಮಾತಾಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಹೀಗೆ ಬರುವವರು ಸೋಮಾರಿಗಳು ಅಂದುಕೊಳ್ಳಬೇಡಿ. ಮನೆಯನ್ನು ಚೊಕ್ಕವಾಗಿ ಇಟ್ಟುಕೊಳ್ಳುವವರೇ ಜಾಸ್ತಿ. ಅವರು ಹತ್ತಿ ದಿಂಬಿಗೆ ಮಾಡುವ ಆರೈಕೆಯನ್ನು ಅಷ್ಟೇ ಶ್ರದ್ಧೆಯಿಂದ ಫೋಮಿಗೂ ಮಾಡಿರುತ್ತಾರೆ. ತಪ್ಪೇನಿಲ್ಲ. ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳಿಂದಲೇ ಹೆಸರಾಗಿದ್ದ ಊರು ನಮ್ಮದು. ದಿಂಬು ಅಂದರೆ ಅರಳೆ, ಇಲ್ಲವೇ ಬೂರುಗದ ಹತ್ತಿ. ಗಟ್ಟಿಯಾಯಿತಾ, ತಾರಸಿಗೆ ಒಯ್ದು ಬಿಸಿಲಿಗೆ ಹಾಕು. ಕೋಲಿನಿಂದ ನಾಲ್ಕು ಬಡಿ. ತೀರಾ ಉಂಡೆಯಾದರೆ ಹಿಂಜಿಸು. ನಮ್ಮ ಅಂಗಡಿಯ ಹಿಂದೆ ಈಗಲೂ ಹಿಂಜುವ ಮೆಷಿನ್ ಇದೆ. ಅದನ್ನು ನೋಡಿಕೊಳ್ಳುವ ಚಾಚಾ ಹತ್ತು ವರ್ಷದ ಹಳೇ ದಿಂಬನ್ನೂ ಬಿಚ್ಚಿ, ಹಿಂಜಿ, ಹೊಸದರ ಹಾಗೆ ಉಬ್ಬಿಸಿ ಕೊಡುತ್ತಾರೆ. ಬಿಸಿಲಿಗೆ ಹತ್ತಿಯ ತೇವ ಆರುತ್ತದೆ, ಎಳೆ ಬಿಡಿಬಿಡಿಯಾಗುತ್ತದೆ.

ಫೋಮಿನಲ್ಲಿ ಎಳೆಯೇ ಇಲ್ಲ. ಅದು ಪಾಲಿಯುರೆಥೇನ್ ಅನ್ನುವ ಒಂದು ಬಗೆಯ ಪ್ಲಾಸ್ಟಿಕ್. ಒಳಗೆಲ್ಲ ಸಣ್ಣ ಸಣ್ಣ ತೂತು, ಒಂದರಿಂದ ಇನ್ನೊಂದಕ್ಕೆ ದಾರಿ. ಒತ್ತಿದಾಗ ಗಾಳಿ ಮೆಲ್ಲಗೆ ಹೊರಗೆ ಹೋಗುತ್ತದೆ, ಬಿಟ್ಟಾಗ ಮೆಲ್ಲಗೆ ಒಳಗೆ ಬರುತ್ತದೆ. ಅಂಗೈ ಒತ್ತಿ ತೆಗೆದರೆ ಗುರುತು ಕೆಲವು ಸೆಕೆಂಡು ಹಾಗೇ ನಿಲ್ಲಬೇಕು. ತಟ್ಟನೆ ಮೇಲೆದ್ದರೆ ಅದು ಮಾಮೂಲಿ ಫೋಮು, ಚೀಟಿಯಲ್ಲಿ ಏನೇ ಬರೆದಿರಲಿ.

ಮೊದಲೆಲ್ಲ ನಾನು "ಏನಾಯ್ತು?" ಅಂತ ಕೇಳುತ್ತಿದ್ದೆ. "ಏನೂ ಆಗಿಲ್ಲ, ತಾನಾಗೇ ಕೆಟ್ಟಿತು" ಅನ್ನುವುದೇ ಉತ್ತರ. ಈಗ ಸುಮ್ನೆ ಜಿಪ್ ಬಿಚ್ಚಿ ನೋಡುತ್ತೇನೆ. ದಿಂಬೇ ಎಲ್ಲ ಹೇಳುತ್ತದೆ.

ಒಂದು ಮಗ್ಗುಲು ಹಳದಿ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ ಅಂದರೆ ತಾರಸಿಯ ಬಿಸಿಲು. ಬಿಸಿಲಿನ ನೇರಳಾತೀತ ಕಿರಣಕ್ಕೆ ಈ ಫೋಮು ಹಳದಿಯಾಗುತ್ತದೆ, ಹೆಚ್ಚಾದರೆ ಮೇಲ್ಪದರ ಪುಡಿಯಾಗುತ್ತದೆ. ಬರೀ ಹಳದಿಯಾಗಿದ್ದರೆ ಗಾಬರಿ ಬೇಡ. ಹೊಸ ಫೋಮು ಕೂಡ ಕಾಲ ಕಳೆದಂತೆ ಸ್ವಲ್ಪ ಹಳದಿಗೆ ತಿರುಗುತ್ತದೆ, ಬೆವರೂ ಸೇರುತ್ತದೆ. ಪುಡಿ ಉದುರಿದರೆ ಮಾತ್ರ ಅದರ ಕಥೆ ಮುಗೀತು. ನಡುವೆ ಹರಿದು ಗಂಟುಗಂಟಾಗಿದ್ದರೆ ವಾಷಿಂಗ್ ಮೆಷಿನ್, ಇಲ್ಲವೇ ನೆನೆಸಿ ಹಿಂಡಿದ್ದು. ನೀರು ಕುಡಿದ ಫೋಮು ವಿಪರೀತ ಭಾರ. ತನ್ನ ಭಾರಕ್ಕೇ ಹರಿಯುವಂಥದ್ದನ್ನು ತಿರುಚಿದರೆ ಉಳಿಯುತ್ತದಾ? ಕಪ್ಪು ಚುಕ್ಕೆ, ಮುಗ್ಗಲು ವಾಸನೆ ಇದ್ದರೆ ಒದ್ದೆ ಇರುವಾಗಲೇ ಗವಸು ಹಾಕಿದ್ದಾರೆ. ಹೊರಗೆ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಒಳಗೆ ತೇವ ಕೂತಿರುತ್ತದೆ. ಅಲ್ಲಿ ಬೂಷ್ಟು ಬರುತ್ತದೆ. ಬೂಷ್ಟು ಒಳಗಿನವರೆಗೂ ಹೋಗಿದ್ದರೆ ಅದನ್ನು ಎಸೆಯುವುದೇ ಸರಿ. ಮನೆಯಲ್ಲಿ ದಮ್ಮಿನವರು ಇದ್ದರಂತೂ ಎರಡನೇ ಯೋಚನೆಯೇ ಬೇಡ.

ಡಿಸೆಂಬರ್, ಜನವರಿಯಲ್ಲಿ ಬೇರೆಯೇ ದೂರು. "ದಿಂಬು ಕಲ್ಲಾಗೈತ್ರಿ." ಇದು ದೋಷವಲ್ಲ. ಚಳಿಗೆ ಈ ಫೋಮು ಬಿಗಿಯುತ್ತದೆ, ಮೈಶಾಖಕ್ಕೆ ಮೆತ್ತಗಾಗುತ್ತದೆ. ಅದರ ಗುಣವೇ ಅದು. ಹತ್ತು ನಿಮಿಷ ತಲೆ ಇಟ್ಟು ಮಲಗಿ ಅನ್ನುತ್ತೇನೆ. ನಂಬುವವರು ಕಡಿಮೆ.

ಈ ಗುಣದ ಬಗ್ಗೆ ಮಾರುವವರು ಬಿಡುವ ಪಟಾಕಿಯೂ ಒಂದಿದೆ: "ನಾಸಾದವರು ಮಾಡಿದ್ದು, ಗಗನಯಾತ್ರಿಗಳು ಮಲಗುವ ದಿಂಬು, ಸರ್." ನಾಸಾದ ಹೆಸರು ಸುಳ್ಳಲ್ಲ. 1966ರಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ಇದನ್ನು ಮಾಡಿದರು. ಆದರೆ ಮಾಡಿದ್ದು ವಿಮಾನದ ಸೀಟಿನ ಮೆತ್ತೆಗೆ. ಕೂತವರಿಗೆ ಪೆಟ್ಟು ಕಡಿಮೆಯಾಗಲಿ ಅಂತ. ನಮ್ಮ ಹೊಸ ಹುಡುಗರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಾನಿಗೇರಿಸಿ ಮಾರಿದ ದಿಂಬೇ ಮೊದಲು ವಾಪಸ್ ಬರುವುದು.

ಹಾಗಾದರೆ ತೊಳೆಯುವುದು ಹೇಗೆ? ಫೋಮನ್ನು ತೊಳೆಯಲೇಬೇಡಿ. ಗವಸು ತೊಳೆಯಿರಿ. ಈ ದಿಂಬುಗಳಿಗೆ ಸಾಮಾನ್ಯವಾಗಿ ಜಿಪ್ ಇರುವ ಹೊರ ಕವರ್ ಇರುತ್ತದೆ. ಅದನ್ನು ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ, ಬ್ಲೀಚ್ ಇಲ್ಲದೆ ಒಗೆದು ನೆರಳಲ್ಲಿ ಒಣಗಿಸಿ. ಬೋರ್‌ವೆಲ್ ಗಡಸು ನೀರಾದರೆ ಇನ್ನೊಂದು ಸಲ ಜಾಲಿಸಿ. ಸೋಪು ಉಳಿದರೆ ಬಟ್ಟೆ ಒರಟಾಗುತ್ತದೆ.

ಫೋಮಿಗೆ ವಾಸನೆ ಬಂದಿದ್ದರೆ ಅಡುಗೆ ಸೋಡಾ ತೆಳ್ಳಗೆ ಉದುರಿಸಿ ಒಂದೆರಡು ಗಂಟೆ ಬಿಟ್ಟು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಬೇಕು. ವ್ಯಾಕ್ಯೂಮ್ ಇಲ್ಲದವರು ಸೋಡಾ ಸುರಿಯಲೇ ಬೇಡಿ. ಪುಡಿ ತೂತಿಗೆ ಇಳಿದರೆ ಬ್ರಷ್ಷಿನಿಂದ ಬರುವುದಿಲ್ಲ. ಅಂಥವರು ಗವಸು ತೆಗೆದು ಕಿಟಕಿ ಹತ್ತಿರ ನೆರಳಲ್ಲಿ ಇಡೀ ದಿನ ನಿಲ್ಲಿಸಿದರೆ ಸಾಕು. ಹೊಸ ದಿಂಬಿನ ಪೇಂಟಿನಂಥ ವಾಸನೆಗೂ ಇದೇ ಮದ್ದು. ಕೆಲವು ದಿನದಲ್ಲಿ ಹೋಗುತ್ತದೆ. ಕೆಲವರು ಲೋಬಾನದ ಹೊಗೆ ಹಾಕುತ್ತಾರೆ. ದಯವಿಟ್ಟು ಬೇಡ. ಹೊಗೆಯ ವಾಸನೆ ಒಳಗೇ ಕೂರುತ್ತದೆ, ಮತ್ತೆ ಈ ಫೋಮಿಗೆ ಬೆಂಕಿ ಬಹಳ ಬೇಗ ಹತ್ತುತ್ತದೆ. ಸೊಳ್ಳೆ ಬತ್ತಿಯನ್ನೂ ದೂರ ಇಡಿ.

ಚಹಾ ಚೆಲ್ಲಿತು, ಮಗು ಉಚ್ಚೆ ಮಾಡಿತು ಅನ್ನಿ. ಉಜ್ಜಬೇಡಿ, ಒಣ ಟವೆಲ್ ಒತ್ತಿ ಹೀರಿಸಿ. ಆಮೇಲೆ ಸೋಪಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಆ ಜಾಗವನ್ನಷ್ಟೇ ತಟ್ಟಿ. ಕೊನೆಗೆ ಬರೀ ನೀರಿನ ಬಟ್ಟೆ, ಮತ್ತೆ ಒಣ ಟವೆಲ್. ರಕ್ತವಾದರೆ ತಣ್ಣೀರೇ ಆಗಬೇಕು, ಬಿಸಿ ನೀರಿಗೆ ಕಲೆ ಕಚ್ಚಿಕೊಳ್ಳುತ್ತದೆ. ಒಣಗಿಸುವಾಗ ಮಲಗಿಸಬೇಡಿ. ಫ್ಯಾನ್ ಕೆಳಗೆ ಅಡ್ಡ ಮಗ್ಗುಲಲ್ಲಿ ನಿಲ್ಲಿಸಿ, ಆಗಾಗ ತಿರುಗಿಸಿ. ಇಸ್ತ್ರಿ, ಬಿಸಿ ಗಾಳಿಯ ಡ್ರೈಯರ್ ತೋರಿಸಲೇಬೇಡಿ. ಒದ್ದೆಯಾದ ಜಾಗಕ್ಕೆ ಒಣ ಬಟ್ಟೆ ಇಟ್ಟು ಜೋರಾಗಿ ಒತ್ತಿ ನೋಡಿ. ಬಟ್ಟೆಗೆ ಸ್ವಲ್ಪ ಪಸೆ ಅಂಟಿದರೂ ಗವಸು ಹಾಕುವ ಹಾಗಿಲ್ಲ.

ಚಹಾಕ್ಕಿಂತ ದೊಡ್ಡ ಶತ್ರು ತಲೆ ಎಣ್ಣೆ. ಭಾನುವಾರ ಹರಳೆಣ್ಣೆ ತಿಕ್ಕಿಕೊಂಡು ಹಾಗೇ ಒರಗುವವರು ನಮ್ಮಲ್ಲಿ ಕಡಿಮೆಯೇ? ಎಣ್ಣೆ ಹೊರ ಗವಸು, ಒಳ ಕವರ್ ಎಲ್ಲ ದಾಟಿ ಫೋಮಿಗೆ ಇಳಿಯುತ್ತದೆ. ಒಮ್ಮೆ ಇಳಿದರೆ ತೆಗೆಯಲು ದಾರಿಯೇ ಇಲ್ಲ, ಸೆಕೆಗೆ ಕಮಟು ವಾಸನೆ ಏಳುತ್ತದೆ. ಅದಕ್ಕೇ ಈಗ ದಿಂಬಿನ ಜೊತೆ ನೀರು ಇಳಿಯದ ಪ್ರೊಟೆಕ್ಟರ್ ತಗೊಳ್ಳಿ ಅಂತ ಒತ್ತಾಯ ಮಾಡುತ್ತೇನೆ. ಬೇಡ ಅಂದವರಿಗೆ, ಎಣ್ಣೆ ಹಚ್ಚಿದ ದಿನ ಹಳೇ ಟವೆಲ್ ದಪ್ಪಗೆ ಹಾಸಿಕೊಳ್ಳಿ ಅನ್ನುತ್ತೇನೆ.

ಇದನ್ನೆಲ್ಲ ಮಾರುವಾಗಲೇ ಹೇಳಲು ಶುರು ಮಾಡಿದ ಮೇಲೆ ನನ್ನ ಕೌಂಟರಿನ ಜಗಳ ಕಡಿಮೆಯಾಗಿದೆ. ಚೀಟಿ ಕೊಟ್ಟರೆ ಯಾರೂ ಓದುವುದಿಲ್ಲ. ಗಿರಾಕಿಯ ಕೈಯಲ್ಲೇ ಜಿಪ್ ಬಿಚ್ಚಿಸುತ್ತೇನೆ. "ಅಕ್ಕಾರೆ, ಇದು ಒಗೆಯೋದು. ಒಳಗಿಂದು ನೀರಿಗೆ ಹಾಕಂಗಿಲ್ಲ, ಬಿಸಿಲಿಗೂ ಹಾಕಂಗಿಲ್ಲ." ಕೈಯಲ್ಲಿ ಮಾಡಿದ್ದು ನೆನಪಿರುತ್ತದೆ. ಮನೆಯಲ್ಲಿ ದಿಂಬು ಒಣಗಿಸುವುದು ಅತ್ತೆಯೋ ಅಜ್ಜಿಯೋ ಆಗಿದ್ದರೆ ಅವರಿಗೂ ಹೇಳಿ ಅನ್ನುತ್ತೇನೆ. ಕೊಂಡವರು ಒಬ್ಬರು, ತಾರಸಿಗೆ ಒಯ್ಯುವವರು ಇನ್ನೊಬ್ಬರು ಆಗಿರುವುದೇ ಹೆಚ್ಚು.

ಇನ್ನೊಂದು ಮಾತನ್ನೂ ಹೇಳುತ್ತೇನೆ, ಅದು ನಮ್ಮ ಸಾಹುಕಾರರಿಗೆ ಹಿಡಿಸುವುದಿಲ್ಲ. ಈ ದಿಂಬಿನ ಬಾಳಿಕೆ ಸಾಮಾನ್ಯವಾಗಿ 2–3 ವರ್ಷ. ಒತ್ತಿದ ಗುಂಡಿ ಮತ್ತೆ ತುಂಬದಿದ್ದರೆ ಬದಲಾಯಿಸಬೇಕು, ಹತ್ತಿಯ ಹಾಗೆ ಹಿಂಜಿಸಿ ಬಳಸಲು ಆಗದು. "ಅದನ್ಯಾಕೆ ಮೊದಲೇ ಹೇಳ್ತೀಯಪ್ಪ, ಗಿರಾಕಿ ಎದ್ದು ಹೋಗ್ತಾರೆ" ಅನ್ನುತ್ತಾರೆ ಅವರು. ಕೆಲವರು ನಿಜವಾಗಿ ಎದ್ದೂ ಹೋಗುತ್ತಾರೆ. ಅವರಲ್ಲಿ ಅರ್ಧ ಜನ ಹೋಗುವುದು ಅಂಗಡಿಯ ಹಿಂದಕ್ಕೆ, ಚಾಚಾನ ಹತ್ತಿರ ಅರಳೆ ದಿಂಬಿನ ರೇಟು ಕೇಳಲು. ಆ ದುಡ್ಡು ಬರುವುದೂ ನಮ್ಮ ಗಲ್ಲಾಕ್ಕೇ ತಾನೇ?