ಬೀಗ ಹಾಕದ ಭಾನುವಾರ

ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಅಮ್ಮನಿಗೆ ರಾಜಾಜಿನಗರದ ನಮ್ಮ ಮನೆಯ ಹದಿನೆಂಟು ಮೆಟ್ಟಿಲು ಬೆಟ್ಟವಾದವು. ಕೆಳಮನೆ ಬಿಟ್ಟುಕೊಡಿ ಎಂದು ಬಾಡಿಗೆದಾರರನ್ನು ಕೇಳಿ ಎಂಟು ತಿಂಗಳಾಗಿತ್ತು. ಯುಗಾದಿ ಕಳೆಯಲಿ ಎಂದರು, ಆಷಾಢದಲ್ಲಿ ಮನೆ ಬದಲಿಸಬಾರದು ಎಂದರು, ಆಮೇಲೆ ಪಿತೃಪಕ್ಷ ಬಂತು.

ಅವರೆಲ್ಲ ಊರಿಗೆ ಹೋಗಿದ್ದ ಒಂದು ಭಾನುವಾರ ನನ್ನ ತಮ್ಮ ಹೊಸ ಬೀಗ ಹಿಡಿದು ಬಂದ. ನಾನು ತಡೆಯಲಿಲ್ಲ. ತಡೆದದ್ದು ಅಮ್ಮ: “ಕೆಳಮನೆಯ ಹುಡುಗಿಯ ಪುಸ್ತಕಗಳು ಒಳಗಿವೆ. ಬೇಡಪ್ಪಾ.”

ಮರುದಿನ ಕಂಡ ವಕೀಲರು ನಮ್ಮನ್ನು ಚೆನ್ನಾಗಿಯೇ ಗದರಿದರು. ಬೀಗ ಹಾಕಿದ್ದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಆರು ತಿಂಗಳೊಳಗೆ ಬಾಡಿಗೆದಾರರು ದಾವೆ ಹೂಡಿ ಮನೆಯ ಸ್ವಾಧೀನ ಮರಳಿ ಪಡೆಯಬಹುದಿತ್ತು. ಮನೆ ನಮ್ಮದು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ನೀರು, ಕರೆಂಟು ಕತ್ತರಿಸುವುದೂ ತಪ್ಪೇ. ನಮ್ಮ ಬಾಡಿಗೆ 12,000 ರೂಪಾಯಿ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸದು. ಹಾಗಾಗಿ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್‌ನಂತೆ ಹದಿನೈದು ದಿನಗಳ ನೋಟಿಸ್ ಕೊಡಬೇಕು. ಏಕೆಂದರೆ ಹನ್ನೊಂದು ತಿಂಗಳ ಕರಾರು ಎಂದೋ ಮುಗಿದು, ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆದುಕೊಂಡು ಬಂದಿತ್ತು.

“ಹದಿನಾರನೇ ದಿನ ಸಾಮಾನು ಹೊರಗೆ ಹಾಕಬಹುದೇ?” ಎಂದ ತಮ್ಮ. ಇಲ್ಲ. ಬಾಡಿಗೆಯ ಹಕ್ಕು ಮುಗಿಯುತ್ತದೆ, ಅಷ್ಟೆ. ಹೋಗದಿದ್ದರೆ ದಾವೆ, ಡಿಕ್ರಿ ಎಂಬ ಕೋರ್ಟಿನ ತೀರ್ಪು, ಆಮೇಲೆ ಅಮಲ್ಜಾರಿ, ಅಂದರೆ ಕೋರ್ಟಿನ ಮೂಲಕ ಆ ತೀರ್ಪಿನ ಜಾರಿ. ಇನ್ನೊಂದು ಎಚ್ಚರಿಕೆಯನ್ನೂ ಹೇಳಿದರು: ನೋಟಿಸಿನ ನಂತರ ಬಂದ ಹಣವನ್ನು ಬಾಡಿಗೆಯೆಂದು ತೆಗೆದುಕೊಂಡರೆ ನೋಟಿಸ್ ಕೈಬಿಟ್ಟಿರಿ ಎಂದು ಬಾಡಿಗೆದಾರರು ವಾದಿಸಬಹುದು. ನನಗೆ ಇದು ಹೊಳೆದೇ ಇರುತ್ತಿರಲಿಲ್ಲ.

ನೋಟಿಸ್ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು. ಮೂರನೇ ದಿನ ಸಂಜೆ ಕೆಳಮನೆಯವರು ಅದನ್ನು ಕೈಯಲ್ಲಿ ಹಿಡಿದೇ ಮೇಲೆ ಬಂದರು. ಜಗಳಕ್ಕೆ ಸಿದ್ಧನಾಗಿದ್ದ ತಮ್ಮನನ್ನು ದಾಟಿ ಅಮ್ಮನ ಎದುರು ಕುಳಿತರು. “ಅಮ್ಮಾ, ಹೊಸ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದಾರೆ. ನಿಮ್ಮಲ್ಲಿರುವುದು ಬಂದರೆ ತಾನೇ ಅಲ್ಲಿಗೆ ಕೊಡುವುದು?”

ಅವರ 1,20,000 ರೂಪಾಯಿ ಅಮ್ಮನ ಆಸ್ಪತ್ರೆಗೆ ಖರ್ಚಾಗಿತ್ತು. ಅದನ್ನು ನಾವು ಹೇಳಿರಲಿಲ್ಲ. ಕೇಳಲು ಅವರಿಗೂ ಸಂಕೋಚ. ಎಂಟು ತಿಂಗಳು ಹಬ್ಬ, ಮಾಸಗಳನ್ನು ಮುಂದಿಟ್ಟುಕೊಂಡು ಮಾತಾಡಿದ್ದೆವು.

ತಮ್ಮ ಸಹಕಾರ ಸಂಘದಲ್ಲಿ ಸಾಲ ಮಾಡಿದ. ಅರ್ಧ ಹಣ ಮುಂಚಿತವಾಗಿ, ಉಳಿದದ್ದು ಬೀಗದ ಕೈ ಕೊಟ್ಟಾಗ ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಧನುರ್ಮಾಸಕ್ಕೆ ಮೊದಲೇ ಅವರು ಹೊರಟರು. ಸಾಮಾನು ತುಂಬಿದ ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ಅಮ್ಮ ಗೇಟಿನ ಬಳಿ ನಿಂತಿದ್ದರು.