‘ಸಿದ್ಧ ಮಾಡುತ್ತದೆ’ ಅಂತ ಬರೆದು ಕೆಟ್ಟೆ

ಶುಕ್ರವಾರ ಮಧ್ಯಾಹ್ನ ಮೂರೂವರೆ ಇರಬೇಕು. ಮೈಸೂರಿನ ಸರಸ್ವತಿಪುರಂನ ನಮ್ಮ ಪುಟ್ಟ ಆಫೀಸಿನಲ್ಲಿ ಎದುರು ಟೇಬಲ್ಲಿನಿಂದ ಅಕೌಂಟ್ಸ್ ನೋಡಿಕೊಳ್ಳುವ ಅಕ್ಕ ಕೇಳಿದರು: “ಏನಪ್ಪಾ, ನನ್ನ ಬಿಲ್ಲೆಲ್ಲಾ ಎಲ್ಲಿ ಹೋದ್ವು? ನಾಲ್ಕೇ ನಾಲ್ಕು ತೋರಿಸ್ತಿದೆ.”

ನಾವು ಮಂಡ್ಯ ಕಡೆಯ ಬೆಲ್ಲದ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಹೊಸ ಲೆಕ್ಕ ಸರಿ ಬರುತ್ತಾ ನೋಡೋಣ ಅಂತ ಅಕ್ಕ ಮೂರು ದಿನದಿಂದ ಹಳೇ ಬಿಲ್ ಬುಕ್ ತೆರೆದಿಟ್ಟುಕೊಂಡು ತೂಕ, ಹಮಾಲಿ, ದಲಾಲಿ ಎಲ್ಲಾ ಒಂದೊಂದಾಗಿ ಟೆಸ್ಟ್ ಡೇಟಾಬೇಸಿಗೆ ತುಂಬುತ್ತಿದ್ದರು. ನೂರಾ ಎಂಬತ್ತು ಬಿಲ್. ಟೆಸ್ಟ್ ಡೇಟಾ ತಾನೇ ಅಂತ ಬ್ಯಾಕಪ್ ಕೂಡ ಇಟ್ಟಿರಲಿಲ್ಲ ನಾನು.

ಹತ್ತು ನಿಮಿಷ ಮುಂಚೆ, ಹೇಳಿದ ಕೋಡ್ ಕೆಲಸವನ್ನು ತಾನೇ ಮಾಡುವ ಎಐ ಕೋಡಿಂಗ್ ಏಜೆಂಟ್‌ಗೆ ಒಂದು ಸಣ್ಣ ಕೆಲಸ ಹೇಳಿದ್ದೆ. ಹಮಾಲಿ ಲೆಕ್ಕದಲ್ಲಿ ಪೈಸೆ ತಪ್ಪುತ್ತಿದೆ, ಸರಿ ಮಾಡಿ ಟೆಸ್ಟ್ ಓಡಿಸು ಅಂತ. ಅದು ಲೆಕ್ಕವನ್ನು ಚೆನ್ನಾಗಿಯೇ ಸರಿ ಮಾಡಿತ್ತು. ಆಮೇಲೆ ಲಾಗ್‌ನಲ್ಲಿ ಒಂದು ಸಾಲು: ಟೆಸ್ಟ್ ಓಡಿಸುವ ಮೊದಲು ಡೇಟಾಬೇಸ್ ಸಿದ್ಧ ಮಾಡಿಕೊಳ್ಳುತ್ತೇನೆ.

ಮೊದಲು ಬಾಯಿಗೆ ಬಂದಿದ್ದು ಬೈಗುಳವೇ. ದರಿದ್ರದ್ದು, ಹೇಳದೇ ಇದ್ದಿದ್ದನ್ನ ಮಾಡಿದೆ ಅಂತ. ಆದರೆ ಡೇಟಾಬೇಸ್ ಸಿದ್ಧ ಮಾಡೋಕೆ ಅದು ಕರೆದ ಟೂಲ್ (ಏಜೆಂಟ್ ಬಳಸಲಿ ಅಂತ ಕೊಟ್ಟಿದ್ದ ಪುಟ್ಟ ಪ್ರೋಗ್ರಾಂ) ಬರೆದವನು ನಾನೇ ಅಲ್ವಾ. ಹೆಸರು ‘ಸೆಟಪ್ ಡಿಬಿ’. ವಿವರಣೆ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳಿದರೆ ಇಷ್ಟೇ: “ಟೆಸ್ಟ್ ಡೇಟಾಬೇಸ್ ಸಿದ್ಧ ಮಾಡುತ್ತದೆ.” ಒಂದು ಸಾಲು, ಮುಗೀತು. ಸಿದ್ಧ ಮಾಡೋದು ಅಂದರೆ ಇರುವುದನ್ನೆಲ್ಲ ಅಳಿಸಿ ನಾಲ್ಕು ಮಾದರಿ ಬಿಲ್ ತುಂಬೋದು ಅಂತ ನನಗೆ ಗೊತ್ತು, ಅದಕ್ಕೆ ಹೇಗೆ ಗೊತ್ತಾಗಬೇಕು?

ಹೊಟ್ಟೆ ಉರಿಸಿದ್ದು ಇನ್ನೊಂದು. ಟೂಲಿನ ಕೋಡ್ ಒಳಗೆ ದೊಡ್ಡಕ್ಷರದಲ್ಲಿ ಕಾಮೆಂಟ್ (ಕೋಡ್ ಓದುವವರಿಗೆ ಬರೆದಿಡುವ ಟಿಪ್ಪಣಿ) ಹಾಕಿದ್ದೆ, ‘ಎಚ್ಚರ, ಎಲ್ಲಾ ಅಳಿಸುತ್ತೆ’ ಅಂತ. ಆದರೆ ಏಜೆಂಟ್‌ಗೆ ಕಾಣೋದು ಟೂಲಿನ ಹೆಸರು, ವಿವರಣೆ, ಏನೇನು ಇನ್‌ಪುಟ್ ಕೊಡಬೇಕು ಅನ್ನೋ ಪಟ್ಟಿ, ಇಷ್ಟೇ. ನಾನು ಈ ಟೂಲ್‌ಗಳನ್ನು ಎಂಸಿಪಿ ಸರ್ವರ್ ಮೂಲಕ ಕೊಟ್ಟಿದ್ದೆ (ಆಂಥ್ರೋಪಿಕ್ ಕಂಪನಿ 2024ರ ನವೆಂಬರಿನಲ್ಲಿ ಹೊರಗೆ ತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್, ಎಐಗೆ ಟೂಲ್ ಜೋಡಿಸುವ ಒಂದು ಸಾಮಾನ್ಯ ವಿಧಾನ). ಸರ್ವರಿನ ಕೋಡ್ ಬೇರೆ ಫೋಲ್ಡರಿನಲ್ಲಿ ಕೂತಿತ್ತು. ಅಂದರೆ ಬೋರ್ಡ್ ಬರೆದು ಬಾವಿಯ ಒಳಗೆ ನೇತುಹಾಕಿದ್ದೆ.

ಸಂಜೆ ರೈಲಿನಲ್ಲಿ ಮಂಡ್ಯಕ್ಕೆ ಬಂದು ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಏಜೆಂಟ್ ಅಂದರೆ ಇನ್ಶೂರೆನ್ಸಿನವನು. ಹೊಸದಾಗಿ ಬಂದ ಆಳು ಅಂತ ತಿಳ್ಕೋ ಅಂದೆ. “ಹಂಗಾದ್ರೆ ನಮ್ಮ ನೀರುಗಂಟಿ ಹೇಳ್ದಂಗೆ ಹೇಳ್ಬೇಕು ಕಣ್ಲಾ. ವಿ.ಸಿ. ನಾಲೆ ನೀರು ಬಿಟ್ಟಾಗ ಹೊಸಬನಿಗೆ ಯಾವ ತೂಬು ಎತ್ತಬೇಕು ಅಂತ ಹೇಳ್ತಿದ್ದಿದ್ದು ಒಂದು ಮಾತು. ಯಾವಾಗ ಎತ್ತಬಾರ್ದು, ಎತ್ತಿದ್ರೆ ಯಾರ ಗದ್ದೆ ಮುಳುಗ್ತದೆ ಅಂತ ಹತ್ತು ಮಾತು.” ಇಷ್ಟು ಹೇಳಿ ಮುದ್ದೆ ಮುರಿಯೋಕೆ ಶುರುಮಾಡಿದರು. ನನ್ನ ಊಟ ಅವತ್ತು ಅಷ್ಟಾಗಿ ಇಳಿಯಲಿಲ್ಲ.

ಶನಿವಾರ ಕೂತು ಮೊದಲು ಹೆಸರು ಬದಲಾಯಿಸಿದೆ, ‘ವೈಪ್ ಟೆಸ್ಟ್ ಡಿಬಿ’ ಅಂತ. ವಿವರಣೆ ಹೀಗಾಯಿತು: “ಎಲ್ಲರೂ ಬಳಸುವ ಟೆಸ್ಟ್ ಡೇಟಾಬೇಸಿನ ಎಲ್ಲ ಬಿಲ್ ಅಳಿಸಿ 4 ಮಾದರಿ ಬಿಲ್ ತುಂಬುತ್ತದೆ. ಅಳಿಸಿದ್ದು ವಾಪಸ್ ಬರುವುದಿಲ್ಲ. ಟೆಸ್ಟ್ ಓಡಿಸಲು ಇದು ಬೇಕಿಲ್ಲ, ಟೆಸ್ಟ್‌ಗಳು ತಮ್ಮದೇ ತಾತ್ಕಾಲಿಕ ಡೇಟಾಬೇಸ್ ಮಾಡಿಕೊಳ್ಳುತ್ತವೆ. ಬಳಸುವವರು ಬಾಯಿಬಿಟ್ಟು ಅಳಿಸು ಅಂದಾಗ ಮಾತ್ರ ಕರೆಯಿರಿ.” ಮೂರನೇ ವಾಕ್ಯ ಮೊದಲೇ ಇದ್ದಿದ್ದರೆ ಅಕ್ಕನ ಮೂರು ದಿನ ಉಳಿಯುತ್ತಿತ್ತು. ಹಾಗಂತ ಬರೀ ಮಾತನ್ನು ನಂಬಿ ಕೂರೋಕಾಗಲ್ಲ. ಎಂಸಿಪಿಯಲ್ಲಿ ಇದು ಹಾಳುಮಾಡುವ ಟೂಲ್ ಅಂತ ಗುರುತು ಹಾಕಬಹುದು, ಹಾಕಿದೆ. ಆದರೆ ಅದು ಸುಳಿವು ಮಾತ್ರ, ಬೀಗ ಅಲ್ಲ. ಅದಕ್ಕೇ ಏಜೆಂಟ್ ಬಳಸುವ ಲಾಗಿನ್‌ನಿಂದ ಅಳಿಸುವ ಅನುಮತಿಯನ್ನೇ ತೆಗೆದು, ಅಳಿಸಬೇಕಾದರೆ ನನ್ನ ಒಪ್ಪಿಗೆ ಬೇಕು ಅಂತ ಮಾಡಿದೆ.

ಒಂದನ್ನು ಬಿಚ್ಚಿದರೆ ಉಳಿದವೂ ಬಿಚ್ಚಿಕೊಂಡವು. ಒಂದು ಟೂಲಿಗೆ ಕೊಡಬೇಕಾದ ಇನ್‌ಪುಟ್ ಬರೀ ‘ತೂಕ’. ಮಂಡಿಯಲ್ಲಿ ಮಾತಾಡೋದು ಕ್ವಿಂಟಾಲ್, ನಮ್ಮ ಡೇಟಾಬೇಸಿನಲ್ಲಿ ಇರೋದು ಕೆ.ಜಿ. ಏಜೆಂಟ್ 12 ಅಂತ ಕಳಿಸಿದ್ದು ಹನ್ನೆರಡು ಕ್ವಿಂಟಾಲೋ ಹನ್ನೆರಡು ಕೆ.ಜಿ.ಯೋ? ಹೆಸರನ್ನೇ ‘ತೂಕ ಕೆಜಿ’ ಮಾಡಿದೆ. ಬೆಲ್ಲದ ಬಗೆ ಅನ್ನೋ ಕಡೆ ಏನು ಬೇಕಾದರೂ ಬರೆಯಬಹುದಿತ್ತು. ಈಗ ಅಚ್ಚು, ಉಂಡೆ ಅಂತ ಪಟ್ಟಿ ಕೊಟ್ಟು, ಅದರಲ್ಲೇ ಆರಿಸಬೇಕು ಅಂತ ಮಾಡಿದೆ. ಬಿಲ್ ಹುಡುಕೋಕೆ ಎರಡು ಟೂಲ್ ಇದ್ದವು, ಯಾವುದು ಯಾವಾಗ ಅಂತ ನನಗೇ ಹೇಳೋಕಾಗಲಿಲ್ಲ. ಒಂದನ್ನು ಕಿತ್ತು ಹಾಕಿದೆ.

ಆಮೇಲೆ ಉತ್ಸಾಹ ಜಾಸ್ತಿಯಾಗಿ ಪ್ರತಿ ಟೂಲಿಗೂ ಅರ್ಧ ಪುಟ ಬರೆದೆ ಅನ್ನೋದನ್ನೂ ಒಪ್ಪಿಕೊಳ್ಳಬೇಕು. ಟೂಲಿನ ವಿವರಣೆಯೂ ಏಜೆಂಟ್ ಹಿಂದಿರುವ ಎಐ ಮಾಡೆಲ್ಲಿನ ಕಾಂಟೆಕ್ಸ್ಟ್ (ಅದು ಒಂದು ಸಲಕ್ಕೆ ಓದಿಕೊಳ್ಳಬಲ್ಲಷ್ಟು ಜಾಗ) ಒಳಗೇ ಹೋಗೋದು, ಅಷ್ಟು ಜಾಗ ತಿನ್ನುತ್ತೆ. ರಾತ್ರಿ ಕೂತು ಅರ್ಧ ಅಳಿಸಿದೆ. ಉಳಿಸಿಕೊಂಡಿದ್ದರಲ್ಲಿ ಜಾಸ್ತಿ ‘ಯಾವಾಗ ಬೇಡ’ ಅನ್ನುವ ಸಾಲುಗಳೇ.

ಸೋಮವಾರ ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಅವರು ಬಿಲ್ ಬುಕ್ ಓದೋದು, ನಾನು ಟೈಪ್ ಮಾಡೋದು. ಮಧ್ಯೆ ನನ್ನ ಸ್ಕ್ರೀನಿನಲ್ಲಿ ಹೊಸ ವಿವರಣೆ ನೋಡಿ, “ಬಾಯಿಬಿಟ್ಟು ಹೇಳಿದ್ರೆ ಮಾತ್ರ ಅಳಿಸುತ್ತಾ ಇದು?” ಅಂದರು. ಹೌದಕ್ಕಾ ಅಂದೆ. “ಹಾಗಾದ್ರೆ ನೀನು ಇವತ್ತು ಬಾಯಿ ಮುಚ್ಕೊಂಡಿರು. ಹೂಂ, ಬರ್ಕೋ, ಉಂಡೆ, ಎಂಟು ಕ್ವಿಂಟಾಲ್...”

ಎಂಟುನೂರು ಅಂತ ಹೊಡೆದೆ.