ಸಿಲ್ವರ್ ಓಕ್ ಮೇಲಿನ ರಿಲೇ

ಮೂಡಿಗೆರೆಯ ನಮ್ಮ ತೋಟದ ಮಳೆಮಾಪಕದಿಂದ ಮನೆಗೆ ಅಲ್ಟ್ರಾ ವೈಡ್‌ಬ್ಯಾಂಡ್ ಸಂಕೇತ, ಅಂದರೆ ಬಹಳ ಅಗಲದ ಆವರ್ತನ ಪಟ್ಟಿಯಲ್ಲಿ ಹರಡುವ ಅತಿ ಚುಟುಕು ರೇಡಿಯೋ ಸ್ಪಂದಗಳು, ನೇರವಾಗಿ ತಲುಪುವುದಿಲ್ಲ. ನೆನೆದ ಎಲೆಗಳು ನುಂಗುತ್ತವೆ. ಶಕ್ತಿ ಹೆಚ್ಚಿಸುವಂತಿಲ್ಲ. 2002ರಲ್ಲಿ ಅಮೆರಿಕ 3.1ರಿಂದ 10.6 ಗಿಗಾಹರ್ಟ್ಸ್ ಪಟ್ಟಿಗೆ ಹಾಕಿದ ಮಿತಿಯನ್ನೇ, ಅಂದರೆ ಪ್ರತಿ ಮೆಗಾಹರ್ಟ್ಸ್‌ಗೆ ಮೈನಸ್ 41.3 ಡಿಬಿಎಂ (ಒಂದು ಮಿಲಿವ್ಯಾಟ್‌ನ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ), ನನ್ನ ಉಪಕರಣವೂ ಪಾಲಿಸುತ್ತದೆ.

ಹಾಗಾಗಿ ನಡುವಿನ ಸಿಲ್ವರ್ ಓಕ್ ಮರಕ್ಕೆ ರಿಲೇ, ಅಂದರೆ ಸಂಕೇತವನ್ನು ನಡುದಾರಿಯಲ್ಲಿ ಹಿಡಿದು ಮುಂದಕ್ಕೆ ಕಳಿಸುವ ಸಾಧನ, ಕಟ್ಟಿದೆ. ಬಂದದ್ದನ್ನೆಲ್ಲ ವರ್ಧಿಸಿ ದಾಟಿಸುವ ರಿಲೇ ಸರಳ ನಿಜ. ಆದರೆ ಚಾಡಿಕೋರರ ಹಾಗೆ, ಗದ್ದಲವನ್ನೂ 5 ಗಿಗಾಹರ್ಟ್ಸ್ ವೈಫೈಯ ಅಡಚಣೆಯನ್ನೂ ಹಿಗ್ಗಿಸಿಯೇ ಮುಟ್ಟಿಸುತ್ತದೆ. ಸಂಕೇತವನ್ನು ಬಿಡಿಸಿ ಓದಿ, ಸರಿಯಿದ್ದರೆ ಮಾತ್ರ ಹೊಸದಾಗಿ ಕಳಿಸುವ ಬಗೆಯೇ ನನಗೆ ಒಪ್ಪಿಗೆ. ಕೊಂಚ ತಡವಾಗುತ್ತದೆ, ಮಳೆಯ ಇಂಚನ್ನು ಬೆಳಿಗ್ಗೆ ಎಂಟಕ್ಕೆ ಬರೆದುಕೊಳ್ಳುವವನಿಗೆ ಅದೇನೂ ಅಲ್ಲ.

ಇನ್ನೊಂದು ರಿಲೇ ಸೇರಿಸಬೇಕಾದರೆ ಸರದಿ ಹಂಚಬೇಕು. ಒಟ್ಟಿಗೆ ಕಳಿಸಿದರೆ ನ್ಯಾನೋಸೆಕೆಂಡಿನ ಸ್ಪಂದಗಳು ಒಂದರ ಮೇಲೊಂದು ಬೀಳುತ್ತವೆ.